ಗಾಜಿನ ಸೂರಿನ ಮನೆಗೆ ಗಿರಾಕಿ

ಮನೆ ಬ್ರೋಕರ್ ಕೆಲಸ ಬಿಟ್ಟು ವರ್ಷವಾಯಿತು. ಆದರೂ ನನಗೆ ಬೀದಿಯಲ್ಲಿ ಸುಮ್ಮನೆ ನಡೆದುಹೋಗಲು ಬರುವುದಿಲ್ಲ. ಬೀಗ ಜಡಿದ ಗೇಟು ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ಅಂಗಳದಲ್ಲಿ ಹುಲ್ಲು ಎಷ್ಟು ಬೆಳೆದಿದೆ, ಕರೆಂಟು ಮೀಟರು ಓಡುತ್ತಿದೆಯಾ, ಒಣಹಾಕಿದ ಬಟ್ಟೆ ಏನಾದರೂ ಇದೆಯಾ ಎಂದು ಕಣ್ಣು ಹುಡುಕುತ್ತದೆ. ಮನೆಗೆ ಬಂದು ಕೂತರೆ ಯಾರೋ ಎಲ್ಲೋ ನನಗಾಗಿ ಬಿಸಿಲಲ್ಲಿ ಕಾಯುತ್ತಿದ್ದಾರೆ ಅನ್ನಿಸಿ ಎದ್ದುಬಿಡುತ್ತೇನೆ.

ನನ್ನ ತಂಗಿಯ ಮಗಳು ದಿವ್ಯಾ ಈಗ ಇದೇ ಕೆಲಸಕ್ಕೆ ಸೇರಿದ್ದಾಳೆ. ಕೊರಳಲ್ಲಿ ಗುರುತಿನ ಚೀಟಿ, ಕೂರಲು ತಣ್ಣನೆಯ ಆಫೀಸು. ಮೊನ್ನೆ ಬಂದವಳು, "ದೊಡ್ಡಮ್ಮ, ನಿಮ್ಮನ್ನ ತುಂಬಾ ಸತಾಯಿಸಿದ ಮನೆ ಯಾವ್ದು?" ಎಂದು ಕೇಳಿದಳು. ಹೇಳಲು ಶುರುಮಾಡಿದೆ. ಅರ್ಧದಲ್ಲಿ ಅವಳಿಗೆ ಯಾರದೋ ಫೋನು ಬಂತು, ಹೊರಟೇಹೋದಳು. ಉಳಿದದ್ದು ನನ್ನ ಗಂಟಲಲ್ಲೇ ಸಿಕ್ಕಿಕೊಂಡಿದೆ. ಅದಕ್ಕೇ ಬರೆಯುತ್ತಿದ್ದೇನೆ, ಅವಳಿಗೂ ಅವಳಂಥ ಹೊಸಬರಿಗೂ.

ನನಗೆ ಈ ಕಸುಬು ಕಲಿಸಿದವರು ಉದಯಗಿರಿಯ ಹಮೀದ್ ಸಾಹೇಬರು. ಬಿಳಿ ಜುಬ್ಬಾ ಹಾಕಿಕೊಂಡು ಮೊಪೆಡ್ಡಿನಲ್ಲಿ ಊರೆಲ್ಲ ಸುತ್ತುತ್ತಿದ್ದರು. "ಬೇಟಿ, ಮನೆ ತೋರಿಸೋವಾಗ ಬಾಯಿ ಮುಚ್ಕೊಂಡಿರು. ಗಿರಾಕಿ ತಾನಾಗಿ ಗೋಡೆ ಮುಟ್ಟಿದ್ರೆ ಅರ್ಧ ವ್ಯಾಪಾರ ಆಯ್ತು ಅಂತ. ನೀನು ಮಾತಾಡಿದ್ರೆ ಕೈ ತೆಗೆದುಬಿಡ್ತಾನೆ" ಎಂದಿದ್ದರು ಮೊದಲ ದಿನವೇ. ಇನ್ನೊಂದು ಮಾತನ್ನು ಬಹಳ ವರ್ಷಗಳ ಮೇಲೆ, ಜಯನಗರದಲ್ಲಿ ಒಬ್ಬರಿಗೆ ಮನೆ ಕೊಡಿಸಿ ಬರುವಾಗ ಹೇಳಿದರು. "ಈ ಬೀದೀಲಿ ನಾಲ್ಕು ಜನಕ್ಕೆ ಮನೆ ಮಾಡ್ಕೊಟ್ಟಿದ್ದೀನಿ. ನಂಗೇ ಬೇಕು ಅಂದ್ರೆ ಇಲ್ಲಿ ಒಬ್ರೂ ಕೊಡಲ್ಲ." ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಬಾಡಿಗೆಗೆ ಬಂದವರ ಹೆಸರು ಕೇಳುವ ಮೊದಲೇ "ಯಾವ ಜನ?" ಎಂದು ಕೇಳುವ ಮಾಲೀಕರು ಈ ಊರಿನಲ್ಲಿ ಎಷ್ಟಿದ್ದಾರೆಂದು ನಮ್ಮ ಕಸುಬಿನವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ದಿವ್ಯಾ.

ನಾನು ಶುರುಮಾಡಿದ್ದು ಗೋಕುಲಂನಲ್ಲಿ, ಯೋಗ ಕಲಿಯಲು ಬರುವ ವಿದೇಶಿಯರಿಗೆ ಕೋಣೆ ತೋರಿಸುತ್ತಾ. ಒಮ್ಮೆ ಅವಸರದಲ್ಲಿ ಅಡ್ಡರಸ್ತೆ ತಪ್ಪಿ, ಗಂಡಹೆಂಡತಿಯಿಬ್ಬರನ್ನು ಯಾರದೋ ಮನೆಗೆ ನುಗ್ಗಿಸಿಬಿಟ್ಟೆ. ಆ ಮನೆಯಾಕೆ ಇವರನ್ನು ಮಗನ ಸ್ನೇಹಿತರೆಂದುಕೊಂಡು ಒಳಗೆ ಕರೆದು ಉಪ್ಪಿಟ್ಟು ಕೊಟ್ಟರು. ಇವರು ಉಪ್ಪಿಟ್ಟು ತಿಂದು, ಬಚ್ಚಲುಮನೆ ನೋಡಿ, ಬಾಡಿಗೆ ಎಷ್ಟು ಎಂದು ಕೇಳಿದರು. ಮನೆಯಾಕೆ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಕೊನೆಗೆ ಅವರೇ ಜೋರಾಗಿ ನಕ್ಕು, "ಮೇಲಿನ ರೂಮು ಖಾಲಿನೇ ಇದೆ, ಕೊಡೋಣ ಬಿಡಿ" ಎಂದರು. ಆಮೇಲೆ ಎಷ್ಟೋ ವರ್ಷ ಆ ಕೋಣೆಗೆ ಜನ ಕರೆದೊಯ್ದವಳು ನಾನೇ. ಎಲ್ಲ ಎಡವಟ್ಟೂ ಹೀಗೆ ಮುಗಿಯುವುದಿಲ್ಲ, ಅದು ಬೇರೆ ಮಾತು.

ಬಾಡಿಗೆಯಿಂದ ಮಾರಾಟಕ್ಕೆ ಬಂದೆ. ಪೇಪರಿನಲ್ಲಿ ಎರಡು ಸಾಲಿನ ಜಾಹೀರಾತು ಹಾಕಿ ಫೋನಿನ ಪಕ್ಕ ಕಾಯುತ್ತಿದ್ದ ಕಾಲ ಹೋಯಿತು. ವಾಟ್ಸಾಪ್ ಗುಂಪು, ವೀಡಿಯೊ, ಮನೆಯ ಮೇಲೆ ಹಾರಿಸುವ ಡ್ರೋನು ಎಲ್ಲ ಬಂದವು. ಅವೆಲ್ಲ ಇದ್ದೂ ನಾನು ಮಾರಲಾಗದೆ ಒದ್ದಾಡಿದ್ದು ಚಾಮುಂಡಿಪುರಂನ ಗಾಜಿನ ಸೂರಿನ ಮನೆಯನ್ನು.

ಅದನ್ನು ಕಟ್ಟಿಸಿದವರು ಅರಮನೆಯ ಕಡೆಯವರ ಫೋಟೊ ತೆಗೆಯುತ್ತಿದ್ದವರು. ಆಗ ಕರೆಂಟಿನ ದೀಪದಲ್ಲಿ ಫೋಟೊ ತೆಗೆಯುವ ಅನುಕೂಲವಿರಲಿಲ್ಲವಾಗಿ, ಮಹಡಿಯ ದೊಡ್ಡ ಹಜಾರಕ್ಕೆ ಉತ್ತರದ ಕಡೆ ಇಳಿಜಾರಾಗಿ ಗಾಜಿನ ಸೂರು ಹಾಕಿಸಿದ್ದರು. ಅದರಿಂದ ಇಳಿಯುವ ಬೆಳಕು ಹಾಲಿನ ಹಾಗೆ, ಮುಖದ ಮೇಲೆ ಗಟ್ಟಿ ನೆರಳೇ ಬೀಳುವುದಿಲ್ಲ. ಒಂದು ಗೋಡೆಯ ತುಂಬ ಉದ್ಯಾನದ ಚಿತ್ರ: ಕಟಕಟೆ, ಗುಲಾಬಿ ಗಿಡ, ದೂರದಲ್ಲೊಂದು ಕೊಳ. ಕೆಳಗೆ ಫೋಟೊ ತೊಳೆಯಲೆಂದು ಕಟ್ಟಿಸಿದ, ಕಿಟಕಿಯೇ ಇಲ್ಲದ ಎರಡು ಕತ್ತಲೆ ಕೋಣೆ. ಇವೆಲ್ಲದರ ನಡುವೆ, ಮನೆಯ ಹೊಕ್ಕುಳಲ್ಲಿ, ಮರದ ಮೆಟ್ಟಿಲು. ಅಡುಗೆಮನೆ ಆಮೇಲೆ ನೆನಪಾಗಿ ಸೇರಿಸಿದ ಹಾಗೆ ಹಿಂದೆ ಒಂದು ಮೂಲೆಯಲ್ಲಿತ್ತು.

ಆಗ ಮಾಲೀಕನಾಗಿದ್ದ ರಘುನಂದನ್, ಆ ಫೋಟೊ ತೆಗೆಯುವವರ ಮೊಮ್ಮಗ. ಕಾಲೇಜೊಂದರಲ್ಲಿ ಲೈಬ್ರರಿಯನ್. ಮನೆಯಲ್ಲಿ ಅರ್ಧ ಪಾಲು ಅವನ ಸೋದರತ್ತೆ ಪದ್ಮಾವತಮ್ಮನದು. ಆಕೆ ಅದೇ ಬೀದಿಯಲ್ಲಿ ಎದುರುಗಡೆ ಇದ್ದರು. "ನಂಗೆ ಆ ಮನೆ ಬೇಡ, ಒಳ್ಳೇ ಗಿರಾಕಿ ಬಂದ್ರೆ ಸಹಿ ಹಾಕ್ತೀನಿ" ಎಂದು ಮೊದಲೇ ಹೇಳಿದ್ದರು.

ಮಾರಲೇಬೇಕಾದ ಕಾರಣ ರಘುನಂದನನ ಹೆಂಡತಿ ವೀಣಾ. ಮಲಗುವ ಕೋಣೆ ಅಂದರೆ ಆ ಕಿಟಕಿಯಿಲ್ಲದ ಕೋಣೆಗಳೇ. ಗಾಜಿನ ಸಂದಿಯಿಂದ ಮಳೆನೀರು ಇಳಿದು ಗೋಡೆಯೆಲ್ಲ ತೇವ. ಮಗಳು ಅನನ್ಯಳಿಗೆ ಉಬ್ಬಸ ಹಿಡಿಯಿತು. ಡಾಕ್ಟರು ಮನೆ ಬದಲಾಯಿಸಿ ಎಂದರು. ರಘುನಂದನ್ ಸೂರು ಸರಿಮಾಡಿಸುತ್ತೇನೆ ಎಂದ, ಎರಡು ಮಳೆಗಾಲ ಹಾಗೇ ಹೋಯಿತು. ವೀಣಾ ಮಗಳನ್ನು ಕರೆದುಕೊಂಡು ಹಿನಕಲ್‌ನಲ್ಲಿದ್ದ ಅಕ್ಕನ ಮನೆಗೆ ಹೋಗಿ, "ಇದನ್ನ ಮಾರಿ, ಗಾಳಿ ಬರೋ ಮನೆ ತಗೊಳ್ಳಿ. ಅವತ್ತು ಬರ್ತೀನಿ" ಎಂದುಬಿಟ್ಟಿದ್ದಳು. ಹಾಗಾಗಿ ನಾನು ಬರೀ ಮನೆ ಮಾರುತ್ತಿರಲಿಲ್ಲ. ನನ್ನ ಕೈಯಲ್ಲಿ ಒಂದು ಸಂಸಾರವಿತ್ತು.

ಮೊದಲು ಬಂದವರು ಜೊತೆಗೆ ವಾಸ್ತು ನೋಡುವವರನ್ನು ಕರೆತಂದರು. ಅವರು ಬಾಗಿಲಿನಿಂದ ನಾಲ್ಕು ಹೆಜ್ಜೆ ಒಳಗಿಟ್ಟು, ನಡುಮನೆಯ ಮೆಟ್ಟಿಲು ನೋಡಿ, "ಬ್ರಹ್ಮಸ್ಥಾನದ ಮೇಲೆ ಕಾಲಿಡ್ತೀರೇನ್ರೀ?" ಎಂದು ಬಂದ ಹಾಗೇ ಹಿಂದಕ್ಕೆ ಹೋದರು. ಹೋಂಸ್ಟೇ ಮಾಡುತ್ತೇನೆಂದು ಬಂದವರೊಬ್ಬರು ಕತ್ತಲೆ ಕೋಣೆಯ ಗೋಡೆಗೆ ಕಿವಿಯಿಟ್ಟು ತಟ್ಟಿ ನೋಡಿ ಮರೆಯಾದರು. ಗೋಕುಲಂನಿಂದ ಕಾಫಿ ಅಂಗಡಿ ಇಡುವ ಉತ್ಸಾಹದ ಜೋಡಿ ಬಂತು. ಅವರಿಗೆ ನಿಜಕ್ಕೂ ಇಷ್ಟವಾಗಿತ್ತು. ಹುಡುಗಿ ಚಿತ್ರದ ಗೋಡೆಯನ್ನು ಮುಟ್ಟಿದಳು ಕೂಡ. ಹಮೀದ್ ಸಾಹೇಬರ ಮಾತು ನೆನೆದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟರಲ್ಲಿ ರಘುನಂದನ್ ಶುರುಮಾಡಿದ.

"ಮೇಡಂ, ಆ ಗುಲಾಬಿ ಇದೆಯಲ್ಲ, ಅದು ಮೂರ್ನೇ ಸಲ ಬರೆದಿದ್ದು. ಮೊದ್ಲು ಅಲ್ಲೊಂದು ನವಿಲಿತ್ತು. ನಮ್ಮ ತಾತಂಗೆ ನವಿಲು ಸರಿಹೋಗ್ಲಿಲ್ಲ. ಯಾಕೆ ಅಂದ್ರೆ..."

ನವಿಲಿನಿಂದ ಗಾಜಿಗೆ ಬಂದ, ಗಾಜು ಹಡಗಿನಲ್ಲಿ ಬಂದದ್ದಕ್ಕೆ ಹೋದ, ಅಲ್ಲಿಂದ ಕೋತಿಗಳು ಒಡೆದ ಗಾಜಿನ ಲೆಕ್ಕಕ್ಕಿಳಿದ. ಜೋಡಿ ಗಡಿಯಾರ ನೋಡಿಕೊಂಡಿತು. ಆಮೇಲೆ ನನ್ನ ಫೋನೂ ಎತ್ತಲಿಲ್ಲ.

ನನಗೆ ರಾತ್ರಿ ಹಗಲು ಅದೇ ಯೋಚನೆಯಾಯಿತು. ಬೇರೆ ಮನೆ ತೋರಿಸುವಾಗಲೂ ಮನಸ್ಸು ಅಲ್ಲೇ. ಹೊಸ ಕಾಲದ ದಾರಿ ಹಿಡಿಯೋಣವೆಂದು ವೀಡಿಯೊ ಮಾಡುವವರನ್ನು ಕರೆಸಿದೆ. ಸಂಗೀತ ಹಾಕಿ, ಗಾಜಿನಿಂದ ಬೆಳಕು ಇಳಿಯುವುದನ್ನು ನಿಧಾನವಾಗಿ ತೋರಿಸಿ, ಎಂಥ ಚಂದ ಮಾಡಿಕೊಟ್ಟರೆಂದರೆ ಊರೆಲ್ಲ ಅದನ್ನೇ ಹಂಚಿಕೊಂಡಿತು. ಫೋನು ಒಂದೇ ಸಮನೆ ಬಡಿದುಕೊಂಡಿತು. ನಾನು ಗೆದ್ದೆ ಅಂದುಕೊಂಡೆ. ಬಂದವರೆಲ್ಲ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವವರು! ಮನೆ ನೋಡುತ್ತೇವೆಂದು ಹೇಳಿ, ಬ್ಯಾಗಿನಲ್ಲಿ ಮೂರು ಜೊತೆ ಬಟ್ಟೆ ತರುತ್ತಿದ್ದರು. ಒಂದು ಭಾನುವಾರ ಹೋದರೆ ಮೆಟ್ಟಿಲ ಮೇಲೆ ಲೆಹೆಂಗಾದ ಹುಡುಗಿ, ಕತ್ತಲೆ ಕೋಣೆಯಲ್ಲಿ ಶೇರ್ವಾನಿ ಗುಂಡಿ ಹಾಕಿಕೊಳ್ಳುವ ಹುಡುಗ. ಮಹಡಿಯಲ್ಲಿ ರಘುನಂದನ್ ಉತ್ಸಾಹದಿಂದ, "ಸ್ವಲ್ಪ ಎಡಕ್ಕೆ ನಿಂತ್ಕೊಳ್ಳಿ, ಅಲ್ಲಿ ಬೆಳಕು ಚೆನ್ನಾಗಿ ಬರತ್ತೆ" ಎನ್ನುತ್ತಿದ್ದಾನೆ.

ಮಾರನೆಯ ದಿನ ವೀಣಾಳ ಫೋನು. "ಗಿರಿಜಮ್ಮ, ನೀವು ಮನೆ ಮಾರ್ತಿದ್ದೀರೋ, ಸ್ಟುಡಿಯೋ ನಡೆಸ್ತಿದ್ದೀರೋ?"

ಹಿನಕಲ್‌ಗೆ ಹೋದೆ. ಅವಳು ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಕೆಲಸ ಮುಗಿಸಿ ಹೊರಗೆ ಬಂದು, ರಸ್ತೆ ಬದಿಯಲ್ಲೇ ನಿಂತು ಮಾತಾಡಿದಳು. "ಅವ್ರು ಮಾರಲ್ಲ ಕಣ್ರೀ. ಇಲ್ಲ ಅಂತಾನೂ ಹೇಳಲ್ಲ, ಮಾರೋದೂ ಇಲ್ಲ. ಅನನ್ಯ ದಿನಾ ಕೇಳ್ತಾಳೆ, ಅಪ್ಪ ಯಾವಾಗ ಬರ್ತಾರೆ ಅಂತ. ಏನು ಹೇಳ್ಲಿ? ನಿಮ್ಮಪ್ಪ ಗುಲಾಬಿ ಕಥೆ ಮುಗಿಸ್ಕೊಂಡು ಬರ್ತಾರೆ ಅನ್ಲಾ?"

ಅಲ್ಲಿಂದ ಸ್ಕೂಟರನ್ನು ನೇರ ಚಾಮುಂಡಿಪುರಂಗೆ ತಿರುಗಿಸಿದೆ. ರಘುನಂದನ್ ಬಾಗಿಲು ತೆಗೆದ. ನಾನು ಒಳಗೂ ಹೋಗಲಿಲ್ಲ.

"ಸಾರ್, ನಿಮಗೆ ಮಾರೋ ಮನಸ್ಸಿದೆಯಾ ಇಲ್ವಾ?"

"ಇದೆ ಗಿರಿಜಮ್ಮ. ಆದ್ರೆ ಈ ಜಾಗದ ಬೆಲೆ ಗೊತ್ತಿರೋರು ಬರ್ಬೇಕಲ್ವಾ? ಬಂದೋರೆಲ್ಲ ಸೈಟ್ ಎಷ್ಟಿದೆ ಅಂತ ಕೇಳ್ತಾರೆ. ಮೇಲೆ ತಲೆಯೆತ್ತಿ ನೋಡೋರೇ ಇಲ್ಲ."

"ಮನೆ ಮಾರೋದು ಕನ್ಯಾದಾನ ಅಲ್ಲ ಸಾರ್, ವರನ ಗುಣ ನೋಡಿ ಕೊಡೋಕೆ. ಅಲ್ಲಿ ನಿಮ್ಮ ಮಗಳು ಕಾಯ್ತಿದ್ದಾಳೆ."

ಅವನು ಬಾಗಿಲ ಚಿಲಕವನ್ನು ಹಾಕುತ್ತಾ ತೆಗೆಯುತ್ತಾ ನಿಂತ. "ಇನ್ನೊಂದು ಗಿರಾಕಿ ಕರ್ಕೊಂಡ್ಬನ್ನಿ. ನಾನು ಬಾಯಿ ಬಿಡಲ್ಲ" ಎಂದ.

ಆ ಗಿರಾಕಿ ಸುಮಿತ್ರಾ. ಹಿನಕಲ್‌ನಲ್ಲೇ ಬಾಡಿಗೆ ಶೆಡ್ಡಿನಲ್ಲಿ ಸೀರೆಗಳ ಕೆಲಸ ನಡೆಸುತ್ತಿದ್ದಳು. ಸೆರಗಿಗೆ ಕುಚ್ಚು ಕಟ್ಟುವುದು, ಹರಿದ ರೇಷ್ಮೆಯನ್ನು ನೂಲಿಗೆ ನೂಲು ಸೇರಿಸಿ ಹೊಲಿಯುವ ರಫೂ. ಬಿ.ಕಾಂ ಓದಿದವಳು. ಅವಳ ಕೈಕೆಳಗೆ ಒಂದಷ್ಟು ಹೆಂಗಸರು ದುಡಿಯುತ್ತಿದ್ದರು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಶೆಡ್ಡನ್ನು ಕೆಡವುತ್ತಾರೆಂದು ಬೇರೆ ಜಾಗ ಹುಡುಕಲು ನನಗೆ ಹೇಳಿದ್ದಳು. ಅವಳಿಗಾಗಿ ಹಳೆಯ ಬಡಾವಣೆಗಳಲ್ಲಿ ಕೇಳಿದ ಕಡೆಯೆಲ್ಲ ಮೊದಲ ಪ್ರಶ್ನೆ ಅದೇ "ಯಾವ ಜನ?" ಉತ್ತರ ಕೇಳಿದ ಮೇಲೆ "ನಮ್ಮ ತಮ್ಮನ ಮಗನೇ ಬರ್ತಾನಂತೆ" ಎನ್ನುವ ಸಬೂಬೂ ಅದೇ. ಕೊನೆಗೆ ಅವಳೇ, "ಬಾಡಿಗೆ ಸಾಕಕ್ಕ. ಸಾಲ ಮಾಡಿ ಕೊಂಡ್ಕೊಂಬುಡ್ತೀನಿ. ನಂದೇ ಆದ್ರೆ ಯಾರು ಎಬ್ಬಿಸ್ತಾರೆ?" ಎಂದಳು.

ಗಾಜಿನ ಮನೆಯ ವಿಷಯ ಹೇಳಿದೆ. ಅವಳು ತಕ್ಷಣ ಹೊರಡಲಿಲ್ಲ.

"ಮೊದ್ಲೇ ಹೇಳ್ಬುಡಿ ಅಕ್ಕ ಅವ್ರಿಗೆ, ನಾವು ಬೌದ್ಧರು, ನಂಜನಗೂಡು ಕಡೆ ಕೇರಿಯೋರು ಅಂತ. ನೋಡಿ ಆಸೆ ಪಟ್ಟು ಆಮೇಲೆ ವಾಪಸ್ ಬರೋದು ನನ್ ಕೈಲಿ ಇನ್ನಾಗಲ್ಲ."

ಹೇಳಿದೆ. ರಘುನಂದನ್ ನನ್ನನ್ನೇ ಪಿಳಿಪಿಳಿ ನೋಡಿ, "ಅದ್ರಲ್ಲೇನಿದೆ? ಬರ್ಲಿ" ಎಂದ.

ಸುಮಿತ್ರಾ ಬಂದಳು. ಮೆಟ್ಟಿಲು ಎಲ್ಲಿದೆ, ಬಾಗಿಲು ಯಾವ ದಿಕ್ಕಿಗಿದೆ ಎಂದು ಏನೂ ಕೇಳಲಿಲ್ಲ. ಮಹಡಿ ಹತ್ತಿ ಹಜಾರದ ನಡುವೆ ನಿಂತು ತಲೆಯೆತ್ತಿದಳು. ಚೀಲದಿಂದ ಒಂದು ನೇರಳೆ ಸೀರೆ ತೆಗೆದು ನೆಲದ ಮೇಲೆ ಹರಡಿ, ಪಕ್ಕದಲ್ಲಿ ನೂಲಿನ ಉಂಡೆಗಳನ್ನಿಟ್ಟು, ಒಂದೊಂದನ್ನೇ ಸೆರಗಿನ ಮೇಲೆ ಎಳೆದು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಾಗ ಅವಳ ಮುಖವೇ ಬೇರೆಯಾಗಿತ್ತು.

"ಶೆಡ್ಡಲ್ಲಿ ಟ್ಯೂಬ್‌ಲೈಟ್ ಕೆಳಗೆ ನೇರಳೆ ಯಾವ್ದು ಕಂದು ಯಾವ್ದು ಗೊತ್ತಾಗಲ್ಲ ಅಕ್ಕ. ಬಣ್ಣ ಸೇರಿಸೋಕೆ ಹೊರಗೆ ಬಿಸಿಲಿಗೆ ಓಡ್ಬೇಕು. ನಮ್ ಹೆಂಗಸ್ರಿಗೆ ಸಂಜೆ ಆದ್ರೆ ಕಣ್ಣೀರು ಸುರೀತದೆ. ಇಲ್ಲಿ..." ಎಂದು ಕೈಯನ್ನು ಬೆಳಕಿನಲ್ಲಿ ತಿರುಗಿಸಿ ನೋಡಿಕೊಂಡಳು. "ನೆರಳೇ ಬೀಳಾಕಿಲ್ವಲ್ಲ!"

ರಘುನಂದನ್ ಕೊಟ್ಟ ಮಾತಿನಂತೆ ತುಟಿ ಬಿಗಿದು ನಿಂತಿದ್ದ. ಪಾಪ, ಅವನ ಕಷ್ಟ ನೋಡಲಾಗುತ್ತಿರಲಿಲ್ಲ. ಅವಳೇ ಕೇಳಿದಳು, "ಸಾರ್, ಇದನ್ನ ಹಿಂಗೆ ಯಾಕೆ ಕಟ್ಟಿದ್ರು?" ಅವನು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಇಬ್ಬರೂ ಮಾತಿಗೆ ನಿಂತರು. ಬೇಸಿಗೆಯಲ್ಲಿ ಗಾಜು ಕಾದು ಸೆಕೆಯಾಗುತ್ತದೆ ಎಂದ. "ತಟ್ಟಿ ಕಟ್ಕೋತೀವಿ ಬುಡಿ" ಎಂದಳು. ಕೆಳಗೆ ಕಿಟಕಿಯಿಲ್ಲ ಎಂದ. ಸೋರುವುದನ್ನು ನಿಲ್ಲಿಸಿದರೆ ರೇಷ್ಮೆ ಇಡಲು ಕತ್ತಲೆಯೇ ಒಳ್ಳೆಯದು, ಬಣ್ಣ ಮಾಸುವುದಿಲ್ಲ ಎಂದಳು. ನಾನು ಹೊರಗೆ ಹೋಗಿ ಗೇಟಿನ ಹತ್ತಿರ ಅತ್ತಿಂದಿತ್ತ ನಡೆದಾಡಿದೆ. ಖುಷಿಯಾದಾಗಲೂ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ.

ಎದುರುಮನೆಯ ಕಿಟಕಿಯಿಂದ ಪದ್ಮಾವತಮ್ಮ ಕೈಸನ್ನೆ ಮಾಡಿ ಕರೆದರು. "ಯಾರು ಬಂದಿದ್ದು?" ಹೇಳಿದೆ. "ಅವ್ರು ಯಾವ ಪೈಕಿ?" ಅದನ್ನೂ ಹೇಳಿದೆ. ಆಕೆ ದನಿ ತಗ್ಗಿಸಿದರು.

"ನಂಗೇನೂ ಇಲ್ಲ ಕಣಮ್ಮ. ಆದ್ರೆ ಈ ಬೀದಿಗೆ ಬಂದ್ರೆ ಅವ್ರಿಗೇ ಕಷ್ಟ ಆಗತ್ತೆ. ಅವ್ರ ಕಡೆ ಜನ ಇರೋ ಜಾಗ ತೋರ್ಸು, ಪುಣ್ಯ ಬರತ್ತೆ."

ಇಂಥ ಮಾತನ್ನು ಬಾಳೆಲ್ಲ ಕೇಳಿದ್ದೇನೆ. ಬೈಗುಳವಾದರೆ ಜಗಳವಾದರೂ ಆಡಬಹುದು. ಕನಿಕರದ ಹಾಗೆ ಹೇಳಿದರೆ ಹಿಡಿಯಲು ಜಾಗವೇ ಸಿಗುವುದಿಲ್ಲ.

ವಾರ ಕಳೆಯುವುದರಲ್ಲಿ ಆಕೆಯೇ ಒಬ್ಬ ಬಿಲ್ಡರನ್ನು ಹುಡುಕಿ ತಂದರು. ಅವನು ಮನೆಯೊಳಗೂ ಹೋಗದೆ ಹೊರಗಿನಿಂದಲೇ ಅಳತೆ ಹಿಡಿಸಿದ. ಪೂರ್ತಿ ಕೆಡವಿ ಮೇಲಕ್ಕೆ ಕಟ್ಟುತ್ತಾನಂತೆ. ರಘುನಂದನ್ ನನ್ನ ಫೋನು ಎತ್ತುವುದನ್ನೇ ನಿಲ್ಲಿಸಿದ. ಸುಮಿತ್ರಾ ಬೆಳಿಗ್ಗೆ ಸಂಜೆ ಕೇಳುತ್ತಿದ್ದಳು: "ಏನಂತೆ ಅಕ್ಕ?" ನಾಲ್ಕನೆಯ ದಿನ ಕೇಳುವುದನ್ನೂ ಬಿಟ್ಟಳು. ಅದನ್ನು ನನಗೆ ಇನ್ನೂ ತಡೆಯಲಾಗಲಿಲ್ಲ. ಬ್ರೋಕರ್ ಆದವಳು ಮನೆಯವರ ನಡುವೆ ಕೈಹಾಕಬಾರದು ಎಂಬುದು ಈ ಕಸುಬಿನ ನಿಯಮ. ನಿಯಮವನ್ನು ಮನೆಯಲ್ಲಿ ಬಿಟ್ಟು ವೀಣಾಳ ಅಂಗಡಿಗೆ ಹೋದೆ.

ಪೂರ್ತಿ ಕೇಳಿ ಅವಳು ಒಂದೇ ಮಾತು ಕೇಳಿದಳು. "ಅವ್ರಿಗೆ ಆ ಮನೆ ನಿಜವಾಗ್ಲೂ ಇಷ್ಟ ಆಯ್ತಾ?"

"ಹೂಂ ಕಣಮ್ಮ. ಗುಲಾಬಿ ಕಥೆ ಪೂರ್ತಿ ಕೇಳಿದ್ಲು."

ವೀಣಾ ಅರ್ಧ ದಿನ ರಜೆ ಹಾಕಿ ನನ್ನ ಸ್ಕೂಟರಿನ ಹಿಂದೆ ಕೂತಳು. ಅಷ್ಟು ಕಾಲದ ಮೇಲೆ ಆ ಮನೆಗೆ ಬರುತ್ತಿದ್ದಳು. ಪದ್ಮಾವತಮ್ಮ ಅಲ್ಲೇ ಇದ್ದರು, ರಘುನಂದನ್ ಅವರ ಮುಂದೆ ತಲೆತಗ್ಗಿಸಿ ಕೂತಿದ್ದ. ಹೆಂಡತಿಯನ್ನು ಕಂಡವನೇ ಎದ್ದುನಿಂತ.

"ಅತ್ತೆ, ಈ ಮನೆ ನೋಡಿ ಓಡಿಹೋಗದೆ ನಿಂತೋರು ಅವ್ರೊಬ್ರೇ" ಎಂದಳು ವೀಣಾ. "ಕೆಡವೋರಿಗೆ ಕೊಡ್ತೀರಾ, ಅವ್ರಿಗೆ ಕೊಡಲ್ವಾ?"

"ನಾನು ಹೇಳೋದು ಅವ್ರ ಒಳ್ಳೇದಕ್ಕೇ ಕಣೇ..."

"ಅವ್ರ ಒಳ್ಳೇದು ಅವ್ರು ನೋಡ್ಕೋತಾರೆ. ನೀವು ಇವ್ರ ಕಡೆ ಒಂದ್ಸಲ ನೋಡಿ" ಎಂದು ಗಂಡನ ಕಡೆ ಕೈ ತೋರಿಸಿದಳು. "ಹೇಳ್ರೀ. ಯಾರಿಗೆ ಕೊಡ್ತೀರಿ? ಬಾಯಿ ಬಿಟ್ಟು ಹೇಳಿ."

ಕೋತಿಯ ಕಥೆಯನ್ನು ಗಂಟೆಗಟ್ಟಲೆ ಹೇಳಬಲ್ಲವನಿಗೆ ಈಗ ಮಾತು ಹೊರಡಲಿಲ್ಲ. ಬೆವರು ಒರೆಸಿಕೊಂಡ. ಕೊನೆಗೆ, "ಅತ್ತೆ, ನೀವು ಸಹಿ ಹಾಕ್ದಿದ್ರೆ ಬೇಡ ಬಿಡಿ" ಎಂದ. ನಾನು ಹೊರಡಲೆಂದು ಸ್ಕೂಟರಿನ ಕೀ ತೆಗೆದೆ. ಅವನು ಮುಂದುವರಿಸಿದ: "ನನ್ನ ಪಾಲು ಮಾತ್ರ ಸುಮಿತ್ರಾ ಅವ್ರಿಗೆ ಬರೆದುಕೊಡ್ತೀನಿ. ಇನ್ನರ್ಧ ನಿಮ್ಮದೇ ಇರ್ಲಿ. ಮೆಟ್ಟಿಲು ಇಬ್ರಿಗೂ ಒಂದೇ, ಹೊಂದಿಕೊಂಡು ಹೋಗಿ."

ಪದ್ಮಾವತಮ್ಮ ಅವನನ್ನು ಹೊಸದಾಗಿ ನೋಡುವ ಹಾಗೆ ನೋಡಿದರು. ವೀಣಾ ಕೂಡ. ಪದ್ಮಾವತಮ್ಮ ಸೆರಗು ಹೊದ್ದು, "ನಿಮ್ಮಿಷ್ಟ ಬಂದಂಗೆ ಮಾಡ್ಕೊಂಡು ಹಾಳಾಗ್ಹೋಗಿ" ಎಂದು ಬೀದಿ ದಾಟಿದರು. ಆದರೆ ನೋಂದಣಿ ಕಚೇರಿಗೆ ಬಂದರು, ಸಹಿ ಹಾಕಿದರು. ಸುಮಿತ್ರಾಳ ನಮಸ್ಕಾರಕ್ಕೆ ಮಾತ್ರ ತಿರುಗಿ ನಮಸ್ಕರಿಸಲಿಲ್ಲ.

ರಘುನಂದನ್ ಸಂಸಾರ ಬೋಗಾದಿಯಲ್ಲಿ ಎರಡು ಕೋಣೆಯ ಸಾಧಾರಣ ಮನೆ ಕೊಂಡಿತು. ಅದನ್ನೂ ನಾನೇ ತೋರಿಸಿದ್ದು. ಅನನ್ಯ ಹೋದಕೂಡಲೇ ಕಿಟಕಿಗಳನ್ನೆಲ್ಲ ತೆಗೆಯುತ್ತಾ ಮುಚ್ಚುತ್ತಾ ಆಡುತ್ತಿದ್ದಳು. ಯಾರೂ ಬೇಡವೆನ್ನಲಿಲ್ಲ.

ನಾನು ಸುಮಿತ್ರಾಳ ಮನೆಗೆ ಆಗಾಗ ಹೋಗುತ್ತೇನೆ. ನನ್ನ ಸ್ಕೂಟರಿನ ಸದ್ದು ಎದುರುಮನೆಗೂ ಗೊತ್ತು. ಒಂದು ದಿನ ಪದ್ಮಾವತಮ್ಮ ನನ್ನನ್ನು ನಿಲ್ಲಿಸಿ ಒಂದು ಚೀಲ ಕೊಟ್ಟರು. ಒಳಗೆ ಅವರ ಧಾರೆ ಸೀರೆ, ಮಡಿಕೆಯ ಗೆರೆಯಲ್ಲಿ ಬಿಟ್ಟುಹೋಗಿತ್ತು. "ಮೊಮ್ಮಗಳು ನಿಶ್ಚಿತಾರ್ಥಕ್ಕೆ ಇದನ್ನೇ ಉಡ್ಬೇಕು ಅಂತ ಹಟ ಹಿಡಿದಿದ್ದಾಳೆ. ನಿನ್ನದೇ ಸೀರೆ ಅಂತ ಹೇಳಿ ಮಾಡಿಸ್ಕೊಂಡ್ಬಾ."

ನನಗೆ ಸುಳ್ಳು ಹೇಳಲಾಗಲಿಲ್ಲ. ಸುಮಿತ್ರಾ ಸೀರೆಯನ್ನು ಬೆಳಕಿಗೆ ಹಿಡಿದು ಮನಸಾರೆ ನೋಡಿದಳು, ಜೋಪಾನವಾಗಿ ಮಡಿಸಿ ಚೀಲಕ್ಕೆ ಹಾಕಿ ನನ್ನ ಕೈಗೇ ಕೊಟ್ಟಳು. "ಬಾಗ್ಲು ತೆಗೆದೇ ಇರ್ತದೆ ಅಕ್ಕ. ಅವ್ರೇ ಬರ್ಲಿ."

ಒಯ್ದುಕೊಟ್ಟೆ. ಪದ್ಮಾವತಮ್ಮ ಚೀಲವನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡು ಬಾಗಿಲು ಹಾಕಿದರು. ಮುಗಿಯಿತು ಅಂದುಕೊಂಡೆ.

ಮುಂದಿನ ಸಲ ನಾನು ಮಹಡಿಯಲ್ಲಿದ್ದಾಗ ಮರದ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ಪದ್ಮಾವತಮ್ಮ ಏದುಸಿರು ಬಿಡುತ್ತಾ ಬಂದು ನಿಂತರು. ಹೊಲಿಯುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಸುಮಿತ್ರಾ ಎದ್ದು ಕುರ್ಚಿ ಎಳೆದಳು. ಆಕೆ ಅದರಲ್ಲಿ ಕೂತು, ಚೀಲವನ್ನು ತಾವೇ ಬಿಚ್ಚಿ, ಬಿಟ್ಟುಹೋದ ಕಡೆಯೆಲ್ಲ ಬೆರಳಿಟ್ಟು ತೋರಿಸಿದರು. ಸುಮಿತ್ರಾ ಎಷ್ಟು ಕೆಲಸವಿದೆ, ಎಷ್ಟಾಗುತ್ತದೆ ಎಂದು ಹೇಳಿದಳು.

"ಅಷ್ಟೊಂದಾ? ಎದುರುಮನೆಯೋಳಮ್ಮ ನಾನು. ಒಂದೇ ಬೀದಿಯೋರು ಅಂತ ಸ್ವಲ್ಪ ಕಮ್ಮಿ ಮಾಡ್ಬಾರ್ದಾ?"

ಒಬ್ಬಳು ಕಿಸಕ್ಕೆಂದಳು. ಸುಮಿತ್ರಾ ನಗಲಿಲ್ಲ. "ಕಮ್ಮಿ ಮಾಡಲ್ಲ ಅಮ್ಮ. ಬೇಕಾದ್ರೆ ಬೇಗ ಮಾಡ್ಕೊಡ್ತೀನಿ. ಶುಕ್ರವಾರ ಆಗಿರ್ತದೆ. ಯಾರನ್ನಾದ್ರೂ ಕಳಿಸ್ತೀರಾ?"

ಪದ್ಮಾವತಮ್ಮ ಕುರ್ಚಿಯ ಕೈ ಹಿಡಿದು ಮೇಲೆದ್ದರು. ಮೆಟ್ಟಿಲ ಹತ್ತಿರ ಹೋಗಿ ತಿರುಗಿದರು.

"ಯಾರನ್ಯಾಕೆ ಕಳಿಸ್ಲಿ? ನಾನೇ ಬರ್ತೀನಿ."